ಉಳಿ, ಕೀಸುಳಿ ಮತ್ತು ನಮ್ಮ ಬೀಗದಮ್ಮ

ಅತ್ತಿಗೆಯ ಬಗ್ಗೆ ಬರೆಯುತ್ತೇನೆ ಎಂದಾಗ ಅಣ್ಣ ಹೇಳಿದ್ದು ಇಷ್ಟು: "ಹೊಗಳಿ ಹೊಗಳಿ ಅಟ್ಟಕ್ಕೆ ಏರಿಸ್ಬೇಡ ಮಾರಾಯ, ಆಮೇಲೆ ಇಳಿಸೋ ಕಷ್ಟ ನಂದು." ಅತ್ತಿಗೆ ಹೇಳಿದ್ದು ಇನ್ನೂ ಚಿಕ್ಕದು. "ಬರಿ. ಆದ್ರೆ ಆ ಉಳಿ ವಿಷಯ ಬಿಡ್ಬೇಡ." ಬಿಡುವ ಯೋಚನೆ ನನಗೂ ಇರಲಿಲ್ಲ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. ಅದೂ ತಪ್ಪಿನ ಪಾಲು.

ನಾನು ಅವರ ಮೈದುನ. ಮೂವತ್ತೆಂಟು ವರ್ಷ ಛಾಪಖಾನೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತನಾದವನು. ಮದುವೆಯ ಗೋಜಿಗೆ ಹೋಗಲಿಲ್ಲ. ಅಣ್ಣನ ಮನೆಯ ಮಹಡಿ ಮೇಲಿನ ಕೋಣೆ ನನ್ನದು. ಬಾಡಿಗೆಯ ಬದಲು ಅತ್ತಿಗೆಯ ಕಾಗದಪತ್ರಗಳಲ್ಲಿ ತಪ್ಪು ಹುಡುಕಿಕೊಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ದಿನವಿಡೀ ಬೇರೆಯವರ ತಪ್ಪು ನೋಡಿಕೊಂಡು ಕೂತವನಿಗೆ ಅದು ಇನ್ನೆಲ್ಲಿರಬೇಕು?

ಅತ್ತಿಗೆ ವಕೀಲರು, ಅದೂ ಕಂಪನಿಗಳು ಮುಳುಗಿದಾಗ ಮಾತ್ರ ನೆನಪಾಗುವ ವಕೀಲರು. ಒಂದು ಕಂಪನಿ ಸಾಲ ತೀರಿಸಲಾರದೆ ಕೈಚೆಲ್ಲಿದರೆ ಕೋರ್ಟು ಒಬ್ಬ ಲಿಕ್ವಿಡೇಟರನ್ನು ನೇಮಿಸುತ್ತದೆ. ಬಾಗಿಲಿಗೆ ಬೀಗ ಹಾಕಿಸಿ, ಒಳಗಿರುವುದನ್ನೆಲ್ಲ ಪಟ್ಟಿ ಮಾಡಿ, ಮಾರಿ, ಬಂದದ್ದನ್ನು ಬರಬೇಕಾದವರಿಗೆ ಹಂಚುವುದು ಅವರ ಕೆಲಸ. ಆ ಲಿಕ್ವಿಡೇಟರ್ ಪರವಾಗಿ ಕೋರ್ಟಿನಲ್ಲಿ ನಿಂತು ಮಾತಾಡುವುದು ಅತ್ತಿಗೆಯ ಕೆಲಸ. ಅವರು ಕಾಲಿಟ್ಟ ಕಡೆಯೆಲ್ಲ ಬೀಗ ಬೀಳುತ್ತದೆಂದು ಯಾವುದೋ ಕಾರ್ಖಾನೆಯ ಕೆಲಸಗಾರರು 'ಬೀಗದಮ್ಮ' ಎಂದು ಹೆಸರಿಟ್ಟರು. ಹೆಸರು ಊರೆಲ್ಲ ಹರಡಿತು. ನಮ್ಮ ಬೀದಿಯ ಬ್ರೆಡ್ ಅಂಗಡಿಯಾಕೆಗೆ ಅವರು 'ದಿವಾಳಿ ವಕೀಲೆ' ಎಂದಷ್ಟೇ ಗೊತ್ತಿತ್ತು. ಪಾಪ, ಆಕೆ ಮೊದಲ ಒಂದು ವರ್ಷ ಅತ್ತಿಗೆಗೆ ಬ್ರೆಡ್ಡಿನ ಜೊತೆ ಒಂದು ಬನ್ನು ಹೆಚ್ಚಿಗೆ ಹಾಕಿ ಕೊಡುತ್ತಿದ್ದಳು. ಅತ್ತಿಗೆ ಆ ತಪ್ಪು ತಿಳುವಳಿಕೆಯನ್ನು ಸರಿಪಡಿಸಲಿಲ್ಲ. ಬನ್ನು ತಿನ್ನುತ್ತಿದ್ದುದು ನಾನು, ಆದ್ದರಿಂದ ನಾನೂ ಸುಮ್ಮನಿದ್ದೆ.

ಅವರು ಈ ದಾರಿಗೆ ಬಂದದ್ದು ಇಷ್ಟಪಟ್ಟಲ್ಲ. ಕೊಲೆ ಮೊಕದ್ದಮೆಗಳಲ್ಲಿ ಗುಡುಗಬೇಕೆಂಬ ಆಸೆ ಇತ್ತಂತೆ. ಆದರೆ ಅವರ ದನಿ ಎರಡನೇ ಬೆಂಚಿಗೆ ಕೇಳಿಸಿದರೆ ಹೆಚ್ಚು. ಅವರ ಹಿರಿಯ ವಕೀಲರು ಒಂದು ದಿನ, "ನೋಡಮ್ಮಾ, ನಿನ್ನ ದನಿಗೆ ಸತ್ತ ಕಂಪನಿಗಳೇ ಸರಿ, ಅವು ಎದುರು ಮಾತಾಡಲ್ಲ" ಎಂದು ಹಿಂದಿನ ಕೋಣೆಯ ಬೀಗದಕೈ ಕೊಟ್ಟರು. ಆ ಕೋಣೆಯಲ್ಲಿ ಮುಚ್ಚಿಹೋದ ಕಂಪನಿಗಳ ಕಡತಗಳು ಸೂರಿನವರೆಗೆ ಪೇರಿಸಿದ್ದವು. ಅತ್ತಿಗೆ ಒಂದು ಸ್ಟೂಲು ಎಳೆದುಕೊಂಡು ಓದಲು ಕೂತರು. ಎಂಟು ತಿಂಗಳು ಓದಿದರು. ಓದುತ್ತ ಓದುತ್ತ ಅವರಿಗೆ ಅದು ರುಚಿಸಿತು. "ಒಂದು ಕಂಪನಿ ಮುಚ್ಚಿದಾಗ್ಲೇ ಅಲ್ಲಿ ಯಾರ್ಯಾರಿದ್ರು, ಏನೇನಿತ್ತು ಅಂತ ಯಾರಾದ್ರೂ ಮೊದಲನೇ ಸಲ ಪೂರ್ತಿಯಾಗಿ ಬರೆದಿಡೋದು" ಎಂದು ಅವರು ಹೇಳುವುದನ್ನು ನಾನು ನೂರು ಸಲವಾದರೂ ಕೇಳಿದ್ದೇನೆ.

ಅವರು ಒಬ್ಬರೇ ನಡೆಸಿದ ಮೊದಲ ಕೇಸು ಒಂದು ಐಸ್‌ಕ್ರೀಮ್ ಕಂಪನಿಯದು. ಶುಕ್ರವಾರ ಸಂಜೆ ಐದಕ್ಕೆ ಕರೆಂಟು ತೆಗೆಯುತ್ತಾರೆ, ಒಳಗೆ ಹನ್ನೊಂದು ಸಾವಿರ ಕಪ್ ಐಸ್‌ಕ್ರೀಮ್ ಇದೆ, ಕೊಳ್ಳುವವರಿಲ್ಲ. ಅತ್ತಿಗೆ ಊಟದ ವೇಳೆಯಲ್ಲೇ ನ್ಯಾಯಾಧೀಶರ ಕೋಣೆಯ ಬಾಗಿಲು ತಟ್ಟಿ, ಅದನ್ನೆಲ್ಲ ಶಾಲೆಗಳಿಗೂ ಮಕ್ಕಳ ಆಸ್ಪತ್ರೆಗೂ ಹಂಚಲು ಅನುಮತಿ ಕೇಳಿದರು. "ಯಾವ ಕಾನೂನಿನ ಪ್ರಕಾರ?" ಎಂದರು ನ್ಯಾಯಾಧೀಶರು. "ಕರಗೋ ವಸ್ತು ಸ್ವಾಮಿ, ಕಾನೂನು ಹುಡುಕೋ ಅಷ್ಟರಲ್ಲಿ ನೀರಾಗುತ್ತೆ" ಎಂದರು ಅತ್ತಿಗೆ. ಅನುಮತಿ ಸಿಕ್ಕಿತು. ಆ ಸಂಜೆ ಊರಿನ ಮಕ್ಕಳ ಮೂತಿಗಳೆಲ್ಲ ಬಣ್ಣಬಣ್ಣವಾಗಿದ್ದವು. ಆ ಆದೇಶದ ಪ್ರತಿ ಈಗಲೂ ಅವರ ಕೋಣೆಯ ಗೋಡೆಯ ಮೇಲಿದೆ. ದೊಡ್ಡ ದೊಡ್ಡ ಬ್ಯಾಂಕುಗಳ ಕೇಸು ಗೆದ್ದ ಕಾಗದ ಒಂದೂ ಇಲ್ಲ.

ಅವರದೊಂದು ಕೆಲಸದ ಕ್ರಮವಿತ್ತು. ಹೊಸ ಕೇಸು ಬಂದರೆ ಕಡತ ಬಿಚ್ಚುವ ಮೊದಲು ಆ ಜಾಗಕ್ಕೆ ಹೋಗುವುದು, ಬೀಗ ಬೀಳುವ ಮುಂಚೆ, ಜನ ಇನ್ನೂ ಕೆಲಸದಲ್ಲಿರುವಾಗಲೇ. ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿಯುವುದು, ಕಂಡವರನ್ನೆಲ್ಲ "ಇದೇನು, ಅದ್ಯಾರದು, ಇದು ಇಲ್ಲ್ಯಾಕಿದೆ" ಎಂದು ಕೇಳುವುದು. ಒಮ್ಮೆ ಒಂದು ಬಟ್ಟೆ ಗಿರಣಿಯಲ್ಲಿ ಹೀಗೆ ಕೇಳಿ ಕೇಳಿ, ಗೋದಾಮಿನಲ್ಲಿದ್ದ ಮೂರು ಬೆಕ್ಕುಗಳು ಪಟ್ಟಿಗೆ ಸೇರದಂತೆ ನೋಡಿಕೊಂಡರು. ಆ ಬೆಕ್ಕುಗಳು ಕಾವಲುಗಾರನ ಸ್ವಂತದವಂತೆ.

ಇನ್ನು ಶನಿವಾರಗಳು. ಹದಿನೈದು ವರ್ಷಗಳಿಂದ ಪ್ರತಿ ಶನಿವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಅತ್ತಿಗೆ ಸಾರ್ವಜನಿಕ ಗ್ರಂಥಾಲಯದ ಮೇಲಂತಸ್ತಿನಲ್ಲಿ, ಹಳೆಯ ಪತ್ರಿಕೆಗಳ ಕೋಣೆಯಲ್ಲಿ, ಒಂದು ಮೇಜಿನ ಹಿಂದೆ ಕೂರುತ್ತಾರೆ. ಕಂಪನಿ ಮುಚ್ಚಿ ಬೀದಿಗೆ ಬಿದ್ದವರು ಯಾರು ಬೇಕಾದರೂ ಬರಬಹುದು, ಫೀಸಿಲ್ಲ. ಬರಬೇಕಾದ ಸಂಬಳಕ್ಕಾಗಿ ಹಿಂದೆ ಹನ್ನೊಂದು ಪುಟದ ಅರ್ಜಿ ತುಂಬಬೇಕಿತ್ತು. ಅದನ್ನು ಒಂದೇ ಪುಟಕ್ಕೆ ಇಳಿಸಿ, ಕೋರ್ಟಿನ ಕಚೇರಿ ಒಪ್ಪುವವರೆಗೆ ಆರು ವರ್ಷ ಬೆನ್ನು ಬಿದ್ದವರು ಅತ್ತಿಗೆ. ಆ ಒಂದು ಪುಟದಲ್ಲಿ ತಪ್ಪು ಹುಡುಕಿದವನು ನಾನು. ಪಕ್ಕದ ಮೇಜಿನಲ್ಲಿ ಅರ್ಜಿಗಳನ್ನು ಜೋಡಿಸಿಕೊಂಡು ಕೂರುವವನೂ ನಾನೇ. ಆ ಮೇಜಿಗೆ ಒಂದೇ ಒಂದು ಕಟ್ಟುಪಾಡು: ಅತ್ತಿಗೆ ತಾವೇ ನಡೆಸುತ್ತಿರುವ ಕೇಸಿನವರು ಬಂದರೆ ಮಾತು ಕೇಳುವಂತಿಲ್ಲ. ಇನ್ನೊಬ್ಬ ವಕೀಲರ ವಿಳಾಸದ ಚೀಟಿ ಕೊಟ್ಟು ಕಳಿಸಬೇಕು. ಎರಡೂ ಕಡೆಯ ಮಾತು ಒಬ್ಬರೇ ಕೇಳಿಸಿಕೊಂಡರೆ ಯಾರಿಗೂ ನ್ಯಾಯವಾಗದು ಎಂಬುದು ಅವರ ವೃತ್ತಿಯ ನಿಯಮ.

ಹೀಗಿರುವಾಗ ಕುರ್ಚಿ ಕಾರ್ಖಾನೆ ಮುಚ್ಚಿತು. ಶಾಲೆ, ಸಿನಿಮಾ ಮಂದಿರ, ಆಸ್ಪತ್ರೆ, ಎಲ್ಲಿ ಕೂತರೂ ಅವರದೇ ಮರದ ಕುರ್ಚಿ. ಹಿಂಬದಿಯಲ್ಲಿ ಕಾಯಿಸಿದ ಕಬ್ಬಿಣದಿಂದ ಒತ್ತಿದ ಒಂದು ಪುಟ್ಟ ಮುದ್ರೆ ಇರುತ್ತಿತ್ತು, ಮೂರು ಎಲೆಗಳದು. ಲಿಕ್ವಿಡೇಟರ್ ಸಾಹೇಬರು ನಮ್ಮ ಅತ್ತಿಗೆಯ ಹಳೆಯ ಕಕ್ಷಿದಾರರು. ಲೆಕ್ಕದಲ್ಲಿ ನಿಪುಣರು, ನಗುವುದರಲ್ಲಿ ಜಿಪುಣರು. ಅತ್ತಿಗೆಯ ಅರ್ಧ ಕೆಲಸ ಬರುತ್ತಿದ್ದುದೇ ಅವರಿಂದ. ಅವರ ಸಹಾಯಕರು ಕಾರ್ಖಾನೆಗೆ ಬೀಗ ಹಾಕಿ ಒಳಗಿನದನ್ನೆಲ್ಲ ಪಟ್ಟಿ ಮಾಡಿದರು. ಅದರಲ್ಲಿ ಮುನ್ನೂರ ಹನ್ನೊಂದು ಕೈ ಹತಾರಗಳಿದ್ದವು: ಉಳಿ, ಕೀಸುಳಿ, ಗರಗಸ, ಮರದ ಸುತ್ತಿಗೆ. ಆ ವಾರ ಅತ್ತಿಗೆಯ ಕೈಯಲ್ಲಿ ಬೇರೆ ಮೂರು ಕೇಸುಗಳಿದ್ದವು. ಕಾರ್ಖಾನೆಗೆ ಹೋಗಲಿಲ್ಲ. 'ಹೋಗಲಾಗಲಿಲ್ಲ' ಎಂದು ಬರೆದಿದ್ದೆ, ಅತ್ತಿಗೆ ಅದನ್ನು ಹೊಡೆದುಹಾಕಿ 'ಹೋಗಲಿಲ್ಲ' ಎಂದು ತಿದ್ದಿದ್ದಾರೆ. ಪಟ್ಟಿಯನ್ನು ನಾನು ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ತಿದ್ದಿ, "ಒಂದೂ ತಪ್ಪಿಲ್ಲ ಅತ್ತಿಗೆ, ಇಷ್ಟು ಚೊಕ್ಕಟವಾದ ಪಟ್ಟಿ ನಾನು ನೋಡೇ ಇಲ್ಲ" ಎಂದು ಎದೆಯುಬ್ಬಿಸಿ ಕೊಟ್ಟೆ.

ಮಂಗಳವಾರ ವಿಚಾರಣೆ. ಹತಾರಗಳು ಕೆಲಸಗಾರರವೋ ಕಂಪನಿಯವೋ ಎಂದು ನ್ಯಾಯಾಧೀಶರು ಕೇಳಿದರು. ಹಿಡಿಗಳ ಮೇಲೆ ಕಂಪನಿಯ ಮೂರೆಲೆ ಮುದ್ರೆ ಇದೆ ಸ್ವಾಮಿ, ಮುದ್ರೆ ಯಾರದೋ ವಸ್ತುವೂ ಅವರದೇ ಎಂದು ಅತ್ತಿಗೆ ಹೇಳಿದರು. ಕೆಲಸಗಾರರ ಪರವಾಗಿ ಯಾರೂ ಬಂದಿರಲಿಲ್ಲ. ಹತ್ತು ನಿಮಿಷದಲ್ಲಿ ಆದೇಶವಾಯಿತು: ಮುಂದಿನ ವಾರದ ಗುರುವಾರ ಎಲ್ಲವನ್ನೂ ಹರಾಜು ಹಾಕಬಹುದು. ಸಂಜೆ ಅತ್ತಿಗೆ ಹಾಡು ಗುನುಗುತ್ತ ಮನೆಗೆ ಬಂದರು. ಅಣ್ಣ ತನ್ನ ಕನ್ನಡಕದ ಅಂಗಡಿಯಿಂದ ಬಂದವನೇ, "ಏನು ಬ್ಯಾರಿಸ್ಟರ್ ಸಾಹೇಬ್ರು ಬಹಳ ಖುಷೀಲಿದೀರ?" ಎಂದು ರೇಗಿಸಿದ. ಎಲ್ಲರೂ ಚೆನ್ನಾಗಿ ಉಂಡೆವು.

ಶನಿವಾರ ಗ್ರಂಥಾಲಯಕ್ಕೆ ಒಬ್ಬ ಹಿರಿಯ ಮರಗೆಲಸದ ಮೇಸ್ತ್ರಿ ಬಂದರು. ಐವತ್ತೆಂಟು ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬೆರಳುಗಳೆಲ್ಲ ಗಂಟುಗಂಟು. ಅತ್ತಿಗೆಯ ಎದುರು ಕೂತವರೇ, "ಅಮ್ಮಾ, ನಾನು ಕುರ್ಚಿ ಕಾರ್ಖಾನೆಯವನು. ನನ್ನ ಹತಾರ ಒಳಗೆ ಸಿಕ್ಕಾಕ್ಕೊಂಡಿದೆ" ಎಂದರು.

ಅತ್ತಿಗೆ ಕೂಡಲೇ ಕೈ ಅಡ್ಡ ಹಿಡಿದರು. "ನಿಲ್ಲಿಸಿ ಮೇಸ್ತ್ರಿ. ಆ ಕಾರ್ಖಾನೆ ಲಿಕ್ವಿಡೇಟರ್ ಕಡೆ ವಕೀಲೆ ನಾನು. ನಿಮ್ಮ ಮಾತು ನಾನು ಕೇಳೋ ಹಾಗಿಲ್ಲ. ಈ ವಿಳಾಸಕ್ಕೆ ಹೋಗಿ, ಒಳ್ಳೆ ವಕೀಲರು, ದುಡ್ಡು ಕೇಳಲ್ಲ."

ಮೇಸ್ತ್ರಿ ಚೀಟಿಯನ್ನು ದೂರ ಹಿಡಿದು ಓದಿದರು. "ಇವರು ಯಾವಾಗ ಸಿಗ್ತಾರೆ?"

"ಮುಂದಿನ ಶುಕ್ರವಾರ."

"ಹರಾಜು ಗುರುವಾರ ಅಲ್ವಾ ಅಮ್ಮಾ?"

ಅತ್ತಿಗೆ ಚೀಟಿಯ ಮೇಲಿನ ವಿಳಾಸವನ್ನೇ ಮತ್ತೆ ಬೆರಳಿಟ್ಟು ತೋರಿಸಿದರು. ಮೇಸ್ತ್ರಿ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ ಹೊರಟರು. ಮೆಟ್ಟಿಲ ಬಳಿ ಅವರು ಕಂಬಿ ಹಿಡಿದು ನಿಂತದ್ದು ನೋಡಿ ನಾನು ಹಿಂದೆಯೇ ಹೋದೆ. ನಾನು ವಕೀಲನಲ್ಲವಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದಿಂದ ದೋಣಿ ಕಟ್ಟುವ ಕಡೆ ಅವರಿಗೆ ಕೆಲಸ ಸಿಕ್ಕಿತ್ತಂತೆ. ಅಲ್ಲಿಯ ಪದ್ಧತಿ, ಹತಾರ ನಿಮ್ಮದು, ಮರ ನಮ್ಮದು. ಮೊದಲ ದಿನವೇ ಕೈಗುಣ ನೋಡಿ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರೆ.

"ಹೊಸ ಉಳಿ ಕೊಂಡ್ರಾಯ್ತಲ್ಲ" ಎಂದೆ ನಾನು, ಮರಗೆಲಸದ ಗಂಧಗಾಳಿ ಇಲ್ಲದವನು.

ಮೇಸ್ತ್ರಿ ನನ್ನನ್ನು ಕನಿಕರದಿಂದ ನೋಡಿದರು. "ಮೂವತ್ತೊಂದು ವರ್ಷ ಸ್ವಾಮಿ. ನನ್ನ ಹೆಬ್ಬೆರಳು ಕೂತು ಕೂತು ಹಿಡಿ ಸವೆದಿದೆ. ಹೊಸ ಉಳಿ ನನ್ನ ಮಾತು ಕೇಳೋಕೆ ಎರಡು ವರ್ಷ ಬೇಕು. ಅವರು ಒಂದು ದಿನ ನೋಡ್ತಾರೆ. ಈ ವಯಸ್ಸಲ್ಲಿ ಇನ್ನೊಬ್ಬರು ಯಾರು ಕರೀತಾರೆ ನನ್ನ?"

"ಆದ್ರೆ ಅದರ ಮೇಲೆ ಕಂಪನಿ ಮುದ್ರೆ ಇದೆಯಲ್ಲ ಮೇಸ್ತ್ರಿ."

"ಇರ್ಲೇಬೇಕಲ್ಲ!" ಎಂದರು ಅವರು, ನಾನು ಏನೋ ಪೆದ್ದುಪೆದ್ದಾಗಿ ಕೇಳಿದವನಂತೆ. "ಹೊಸಬ ಸೇರ್ಕೊಂಡ ಮೇಲೆ ಅವನ ಮೊದಲ ಕುರ್ಚಿ ಒಂದೂ ತಕರಾರಿಲ್ದೆ ಪಾಸಾಗುತ್ತಲ್ಲ, ಅವತ್ತು ಊಟದ ಹೊತ್ತಲ್ಲಿ ಅವನ ಸ್ವಂತ ಹತಾರದ ಹಿಡಿಗೆ ನಾವು ಮುದ್ರೆ ಒತ್ತುತೀವಿ. ಎಲ್ಲರೂ ಚಪ್ಪಾಳೆ ಹೊಡೀತಾರೆ. ನನಗೂ ಹಾಗೇ ಒತ್ತಿದ್ರು. ಅವತ್ತು ನಾನು ಅತ್ತುಬಿಟ್ಟಿದ್ದೆ. ಕಂಪನಿ ಕೊಡೋ ಹತಾರಕ್ಕೆ ಯಾರು ಮುದ್ರೆ ಒತ್ತುತಾರೆ? ಅದಕ್ಕೆ ತಗಡಿನ ನಂಬರ್ ಇರುತ್ತೆ."



ಮನೆಗೆ ಬಂದು ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಅತ್ತಿಗೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಿನಗೆ ಎಷ್ಟು ಸಲ ಹೇಳ್ಬೇಕು? ಯಾಕೆ ಕೇಳಿಸ್ಕೊಂಡೆ ಅದನ್ನ?"

"ಕಿವಿಗೆ ಬಾಗಿಲಿದ್ಯಾ ಅತ್ತಿಗೆ, ಮುಚ್ಕೊಳಕ್ಕೆ?"

"ನಿನಗೆ ಬಾಯಿಗೂ ಇಲ್ಲ" ಎಂದು ರೇಗಿ ಎದ್ದು ಹೋದರು. ಅಣ್ಣ ಕಣ್ಣಲ್ಲೇ ನನಗೆ ಸುಮ್ಮನಿರು ಎಂದ. ಒಂದು ಗಂಟೆಯಾದ ಮೇಲೆ ಅವರ ಕೋಣೆಯಿಂದ ದನಿ ಬಂತು: "ಆ ಪಟ್ಟಿ ತಗೊಂಡು ಬಾ."

ತಂದೆ. "ತಗಡಿನ ನಂಬರ್ ಇರೋದು ಎಷ್ಟು?" ಎಂದರು. ತೊಂಬತ್ತೇಳು. "ಮುದ್ರೆ ಇರೋದು?" ಇನ್ನೂರ ಹದಿನಾಲ್ಕು. "ಎರಡೂ ಇರೋದು?" ಬೆರಳಿಟ್ಟುಕೊಂಡು ಮೇಲಿಂದ ಕೆಳಗೆ ಬಂದೆ. ಒಂದೂ ಇರಲಿಲ್ಲ. ಮತ್ತೆ ನೋಡಿದೆ. ಒಂದೂ ಇಲ್ಲ. ಎಲ್ಲವೂ ಕಂಪನಿಯದೇ ಆಗಿದ್ದರೆ ನಂಬರಿದ್ದದ್ದಕ್ಕೆ ಮುದ್ರೆ ಇಲ್ಲ, ಮುದ್ರೆ ಇದ್ದದ್ದಕ್ಕೆ ನಂಬರಿಲ್ಲ, ಹೀಗೇಕೆ? ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಪಟ್ಟಿಯ ಪ್ರತಿ ಅಕ್ಷರ ತಿದ್ದಿದವನು ನಾನು. ಅಕ್ಷರಗಳೆಲ್ಲ ಸರಿಯಿದ್ದವು, ಪಟ್ಟಿಯೇ ತಪ್ಪಿತ್ತು.

"ನಂದೂ ತಪ್ಪು ಅತ್ತಿಗೆ" ಎಂದೆ.

"ನಿಂದು ಆಮೇಲೆ ನೋಡೋಣ. ಕೋರ್ಟಲ್ಲಿ ನಿಂತು ಹೇಳಿದ್ದು ನಾನು. ಅದೂ ನೋಡದೆ ಹೇಳಿದ್ದು."

ಸೋಮವಾರ ಬೆಳಗ್ಗೆ ಲಿಕ್ವಿಡೇಟರ್ ಸಾಹೇಬರನ್ನು ಎಬ್ಬಿಸಿಕೊಂಡು ಕಾರ್ಖಾನೆಗೆ ಹೋದರು. ನಾನೂ ಹೋದೆ. ಒಳಗೆ ಮರದ ಪುಡಿಯ ವಾಸನೆ ಇನ್ನೂ ಇತ್ತು. ಒಂದು ಬೆಂಚಿನ ಮೇಲೆ ಮೂರು ಕಾಲಿನ ಕುರ್ಚಿ, ನಾಲ್ಕನೆಯದು ಪಕ್ಕದಲ್ಲಿ. ಕಚೇರಿಯಲ್ಲಿ ಕಾರ್ಖಾನೆ ಶುರುವಾದಾಗಿನಿಂದಲೂ ಬರೆದಿಟ್ಟ ಖರೀದಿ ಪುಸ್ತಕಗಳಿದ್ದವು. ಮೂವರೂ ನೆಲದ ಮೇಲೆ ಕೂತು ಮಧ್ಯಾಹ್ನದವರೆಗೆ ತಾಳೆ ನೋಡಿದೆವು. ನಂಬರಿನ ತೊಂಬತ್ತೇಳೂ ಪುಸ್ತಕದಲ್ಲಿದ್ದವು. ಮುದ್ರೆಯದು ಒಂದೂ ಇರಲಿಲ್ಲ.

ಲಿಕ್ವಿಡೇಟರ್ ಸಾಹೇಬರು ಮಂಡಿ ಒರೆಸಿಕೊಂಡು ಎದ್ದರು. "ಆಯ್ತಲ್ಲ, ಆದೇಶ ನಮ್ಮ ಕಡೆಗಿದೆ. ಯಾರೂ ತಕರಾರು ಮಾಡಿಲ್ಲ. ಸುಮ್ನೆ ಇರೋ ಹುಣ್ಣು ಯಾಕೆ ಕೆರೀತೀರಿ?"

"ಆದೇಶ ಬಂದಿರೋದು ನನ್ನ ಮಾತಿನ ಮೇಲೆ ಸಾರ್. ಮಾತು ತಪ್ಪು. ನಾಳಿದ್ದು ನಾನೇ ಹೋಗಿ ಹೇಳ್ತೀನಿ."

"ನನ್ನ ವಕೀಲರಾಗಿ, ನನ್ನ ವಿರುದ್ಧ?"

"ನೀವು ಬೇಕಾದ್ರೆ ಬೇರೆಯವರನ್ನ ಇಟ್ಕೊಳ್ಳಿ. ಬೇಜಾರಿಲ್ಲ. ಆದ್ರೆ ಹೇಳೋದಂತೂ ಹೇಳ್ತೀನಿ."

ಸಾಹೇಬರು ಖರೀದಿ ಪುಸ್ತಕವನ್ನು ಇನ್ನೊಮ್ಮೆ ತಿರುವಿ ಹಾಕಿದರು. ಮುಖ ಗಂಟಿಕ್ಕಿಕೊಂಡೇ, "ಹರಾಜಿನ ಪಟ್ಟಿ ಮತ್ತೆ ಬೆರಳಚ್ಚು ಮಾಡಿಸ್ಬೇಕು. ಆ ಖರ್ಚು ನಿಮ್ಮದು" ಎಂದರು. ಅವರ ಭಾಷೆಯಲ್ಲಿ ಒಪ್ಪಿಗೆ ಎಂದರೆ ಅದೇ.

ಬುಧವಾರ ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅತ್ತಿಗೆ ಎದ್ದು ನಿಂತು, ಕಳೆದ ವಾರ ತಾವು ಹೇಳಿದ್ದು ತಪ್ಪೆಂದೂ, ಕಾರ್ಖಾನೆಗೆ ಹೋಗಿ ನೋಡದೆ ಹೇಳಿದೆನೆಂದೂ ಹೇಳಿದರು. ಆ ದಿನ ಅವರ ದನಿ ಕೊನೆಯ ಬೆಂಚಿಗೂ ಕೇಳಿಸಿತು. ನ್ಯಾಯಾಧೀಶರು ಕನ್ನಡಕ ತೆಗೆದರು.

"ಎದುರು ಪಕ್ಷ ಯಾರು ಬಂದಿದಾರೆ?"

"ಯಾರೂ ಇಲ್ಲ ಸ್ವಾಮಿ."

"ಹಾಗಾದ್ರೆ ನೀವು ವಾದ ಮಾಡ್ತಿರೋದು ಯಾರ ಮೇಲೆ?"

"ನನ್ನ ಮೇಲೆ ಸ್ವಾಮಿ."

ಕೋರ್ಟಿನಲ್ಲಿ ಕಿಸಕ್ಕೆಂದು ನಗು ಹರಿಯಿತು. ನ್ಯಾಯಾಧೀಶರು ನಗಲಿಲ್ಲ. "ಇನ್ನೂರ ಹದಿನಾಲ್ಕಕ್ಕೂ ಒಂದೇ ಮುದ್ರೆ. ನಲವತ್ತಮೂರು ಜನ. ಯಾವುದು ಯಾರದು ಅಂತ ಹೇಗೆ ತೀರ್ಮಾನ ಮಾಡ್ತೀರಿ? ಕಾಗದ ಇದ್ಯಾ?"

"ಇಲ್ಲ. ನನಗೆ ಗೊತ್ತಿಲ್ಲ ಸ್ವಾಮಿ. ಅವರಿಗೆ ಗೊತ್ತಿರುತ್ತೆ."

ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಮುದ್ರೆಯ ಹತಾರಗಳನ್ನು ಹರಾಜಿನಿಂದ ಹೊರಗಿಟ್ಟರು. ಶನಿವಾರ ಕೆಲಸಗಾರರನ್ನೆಲ್ಲ ಕರೆಸಿ ಗುರುತು ಹಿಡಿಯಲು ಬಿಡಬೇಕು. ಆದರೆ ಒಂದೇ ಒಂದು ಹತಾರಕ್ಕೆ ಇಬ್ಬರು ಕೈ ಚಾಚಿ ಜಗಳವಾದರೂ ಸರಿ, ಅಲ್ಲಿಗೇ ನಿಲ್ಲಿಸಿ ಎಲ್ಲವನ್ನೂ ಮತ್ತೆ ಬೀಗದೊಳಗಿಡಬೇಕು, ವಿಚಾರಣೆ ಮುಂದಿನ ತಿಂಗಳು. ಮುಂದಿನ ತಿಂಗಳು ಎಂದರೆ ಮೇಸ್ತ್ರಿಯ ದೋಣಿ ಕೆಲಸ ಹೋದಂತೆಯೇ. ನಲವತ್ತಮೂರು ಜನ ಒಂದು ಕಡೆ ಸೇರಿ ಜಗಳವಾಡದೆ ಇದ್ದದ್ದನ್ನು ನಾನು ಛಾಪಖಾನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಆ ಶನಿವಾರ, ಶುರುವಾದಾಗಿನಿಂದ ಮೊದಲ ಸಲ, ಗ್ರಂಥಾಲಯದ ಮೇಜು ಖಾಲಿಯಿತ್ತು. ಕಾರ್ಖಾನೆಯ ಅಂಗಳದಲ್ಲಿ ಆರು ಉದ್ದನೆಯ ಬೆಂಚುಗಳ ಮೇಲೆ ಹತಾರಗಳನ್ನು ಸಾಲಾಗಿ ಹರಡಿದ್ದರು. ಲಿಕ್ವಿಡೇಟರ್ ಸಾಹೇಬರು ಬೀಗ ಕೈಯಲ್ಲಿ ಹಿಡಿದೇ ನಿಂತಿದ್ದರು. ಅತ್ತಿಗೆ ಕೋರ್ಟಿನ ಆದೇಶ ಓದಿ, ಜಗಳವಾದರೆ ಏನಾಗುತ್ತದೆ ಎಂಬುದನ್ನು ಎರಡು ಸಲ ಹೇಳಿ, ಪಕ್ಕಕ್ಕೆ ಸರಿದರು. ಅವರ ಬೆರಳುಗಳು ಸೀರೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದವು.

ಯಾರೂ ನುಗ್ಗಲಿಲ್ಲ. ಬೆಂಚಿನ ಪಕ್ಕ ನಡೆಯುತ್ತ ಒಂದೊಂದನ್ನು ಎತ್ತಿ ಅಂಗೈಯಲ್ಲಿ ಕೂರಿಸಿ ನೋಡುತ್ತಿದ್ದರು. ಕೂತರೆ ತಮ್ಮದು, ಕೂರದಿದ್ದರೆ ಹಾಗೇ ಇಡುವುದು. ಇಬ್ಬರು ಒಂದೇ ಮರದ ಸುತ್ತಿಗೆಗೆ ಕೈ ಹಾಕಿದರು. ಸಾಹೇಬರ ಕೈಯ ಬೀಗ ಮೇಲೆದ್ದಿತು. ಒಬ್ಬ ಅದನ್ನು ತಿರುಗಿಸಿ ನೋಡಿ, "ಇದು ಎಡಗೈ ಸವೆತ, ನಿಂದೇ ಕಣಯ್ಯಾ" ಎಂದು ಇನ್ನೊಬ್ಬನಿಗೆ ಕೊಟ್ಟ. ಬೀಗ ಕೆಳಗಿಳಿಯಿತು.

ಮೇಸ್ತ್ರಿಗೆ ಹದಿಮೂರು ಸಿಕ್ಕಿದವು. ಹದಿನಾಲ್ಕನೆಯದು, ಕೀಸುಳಿ, ಇರಲಿಲ್ಲ. ಆರು ಬೆಂಚುಗಳನ್ನೂ ಎರಡು ಸಲ ಸುತ್ತಿದರು. ಮುಖ ಸಪ್ಪಗಾಯಿತು, ಆದರೆ ಬಾಯಿ ಬಿಡಲಿಲ್ಲ. ಬಿಟ್ಟರೆ ಎಲ್ಲರದೂ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಅತ್ತಿಗೆ ಅದನ್ನು ನೋಡುತ್ತಿದ್ದರು, ನಾನು ಅತ್ತಿಗೆಯನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಕುರ್ಚಿಗೆ ಹೊಳಪು ಕೊಡುತ್ತಿದ್ದ ಹೆಂಗಸೊಬ್ಬಳು ಸೆರಗಿನೊಳಗಿಂದ ಕೀಸುಳಿ ತೆಗೆದು, "ತಗೊಳ್ಳಿ ಮೇಸ್ತ್ರಿ. ಬೆಂಚಿನ ತುದೀಲಿತ್ತು, ಯಾರಾದ್ರೂ ಬೀಳಿಸಿಬಿಟ್ಟಾರು ಅಂತ ನಾನೇ ಎತ್ತಿಟ್ಕೊಂಡೆ" ಎಂದಳು. ಮೇಸ್ತ್ರಿ ಅದರ ತಳವನ್ನು ಬೆರಳಿನಿಂದ ಸವರಿ, ಆಕೆಯ ತಲೆಯ ಮೇಲೆ ಕೈಯಿಟ್ಟರು. ನಲವತ್ತು ನಿಮಿಷದಲ್ಲಿ ಬೆಂಚುಗಳೆಲ್ಲ ಖಾಲಿ. ಆರು ಹತಾರ ಮಾತ್ರ ಉಳಿದವು. ಅವು ತೀರಿಕೊಂಡ ಒಬ್ಬರವು, ಮಗಳಿಗೆ ತಲುಪಿಸುತ್ತೇವೆ ಎಂದು ಕೆಲಸಗಾರರೇ ಹೇಳಿದರು.

ಆ ದಿನದಿಂದ ಹುಟ್ಟಿದ್ದೇ ಈಗಿರುವ ಎರಡು ಸಾಲಿನ ನಿಯಮ: ಪಟ್ಟಿ ಮುಗಿಸುವ ಮೊದಲು ಕೆಲಸಗಾರರನ್ನು ಒಳಗೆ ಕರೆದು, ತಮ್ಮದು ಯಾವುದೆಂದು ತೋರಿಸಲು ಬಿಡಬೇಕು. ಅದಕ್ಕಾಗಿ ಅತ್ತಿಗೆ ನಾಲ್ಕು ವರ್ಷ ಸಮಿತಿಯಿಂದ ಸಮಿತಿಗೆ ಅಲೆದರು. ಸಾಹೇಬರೂ ಅವರನ್ನು ಬಿಡಲಿಲ್ಲ; ಗೊಣಗುತ್ತಲೇ ಮುಂದಿನ ಕೇಸು ಕೊಟ್ಟರು. ಆದರೆ ನಾನು ಹೇಳಬೇಕಾದದ್ದು ಆ ಅಂಗಳದ್ದು.

ಎಲ್ಲರೂ ರಸೀತಿಗೆ ಸಹಿ ಹಾಕುತ್ತಿದ್ದರು. ಮೇಸ್ತ್ರಿ ಪೆನ್ನು ಹಿಡಿದವರು ಹಾಗೇ ನಿಂತರು. "ಒಂದು ಮಾತು ಕೇಳ್ಬೇಕಿತ್ತು. ಇವೆಲ್ಲ ಕಂಪನೀದು ಅಂತ ಜಡ್ಜ್ ಮುಂದೆ ಹೇಳಿದ್ದು ಯಾರು?"

ಲಿಕ್ವಿಡೇಟರ್ ಸಾಹೇಬರು ತಮ್ಮ ಬೂಟು ನೋಡಿಕೊಂಡರು.

"ನಾನೇ" ಎಂದರು ಅತ್ತಿಗೆ.

"ಅಲ್ಲ ಅಂತ ಹೇಳಿ ಬಿಡಿಸಿದ್ದು?"

"ಅದೂ ನಾನೇ."

ಮೇಸ್ತ್ರಿ ಪೆನ್ನಿನ ತುದಿಯನ್ನು ಅತ್ತಿಗೆಯ ಕಡೆ ತಿರುಗಿಸಿದರು. "ಅಂದ್ರೆ ಒಂದೇ ಕೆಲಸಕ್ಕೆ ಎರಡು ಸಲ ಕೂಲಿ!"

ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು. ಸಾಹೇಬರು ಕೂಡ ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು. ಅತ್ತಿಗೆಯೂ ನಗುತ್ತ, "ಇಲ್ಲ ಮೇಸ್ತ್ರಿ, ಎರಡನೇ ಸಲದ್ದು ತಗೊಂಡಿಲ್ಲ" ಎಂದರು.

ಮೇಸ್ತ್ರಿ ಮಾತ್ರ ನಗುತ್ತಿರಲಿಲ್ಲ. "ಮೊದಲನೇ ಸಲದ್ದೂ ತಗೋಬಾರ್ದಿತ್ತಮ್ಮಾ" ಎಂದರು. ಕೋಪದಿಂದಲ್ಲ, ಕುರ್ಚಿಯ ಕಾಲು ಅರ್ಧ ಬೆರಳು ಗಿಡ್ಡವಾಗಿದೆ ಎಂದು ಹೊಸಬನಿಗೆ ತೋರಿಸುವ ದನಿಯಲ್ಲಿ. "ನೋಡದೆ ಮಾಡಿದ್ದು ಕೆಲಸ ಅಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ಮಾಡಿದ ಹೆಂಗಸಿಗೆ ಈ ಮಾತೇ ಎಂದು ಬಾಯಿ ತೆರೆದೆ. ಅತ್ತಿಗೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಹೌದು ಮೇಸ್ತ್ರಿ" ಎಂದರು. "ನೀವು ಹೇಳಿದ್ದು ಸರಿ. ಆ ಫೀಸು ಸೋಮವಾರ ವಾಪಸ್ ಕಟ್ತೀನಿ."

"ಸೋಮವಾರ ನಾನೂ ಕೆಲಸಕ್ಕೆ ಹೋಗ್ಬೇಕು" ಎಂದು ಮೇಸ್ತ್ರಿ ಸಹಿ ಹಾಕಿದರು. ಹದಿನಾಲ್ಕು ಹತಾರಗಳನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿ ಗೇಟಿನ ಕಡೆ ನಡೆದರು. ಅತ್ತಿಗೆ ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದರು. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ನಗು ಇತ್ತು. "ನಮ್ಮ ಹಿರಿಯ ವಕೀಲರು ಹೋದ ಮೇಲೆ ಇಪ್ಪತ್ತೆರಡು ವರ್ಷ ಆಯ್ತು ಕಣೋ, ನನಗೆ ಹೀಗೆ ತಪ್ಪು ತೋರಿಸಿ ಯಾರೂ ಹೇಳಿರ್ಲಿಲ್ಲ" ಎಂದರು.